ದಾವಣಗೆರೆಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದಾರ ಹಿಡಿದು ಹಾಕಿದ ಲೆಕ್ಕ

ಮಗಳ ಮನೆಗೆ ಹೊರಟಾಗ ನನಗೆ ಗೊತ್ತಾಗಬೇಕಿದ್ದದ್ದು ಒಂದೇ: ನಮ್ಮತ್ತೆಯವರು ಎಷ್ಟು ತಾಸು ಸೀಟಿನಲ್ಲೇ ಕೂರಬೇಕು? ಅವರಿಗೆ ಶುಗರ್ ಇದೆ. ಮಾತ್ರೆ, ಊಟ ಎರಡೂ ಹೊತ್ತಿಗೆ ಸರಿಯಾಗಿ ಆಗಬೇಕು.

ಟಿಕೆಟ್ ನೋಡಿದರೆ ತಲೆ ಕೆಡುತ್ತದೆ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ನೇರ ವಿಮಾನ ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಿತು ಅಂತಿಟ್ಟುಕೊಳ್ಳಿ. ಬರೀ ಮೂರು ತಾಸಾ? ಅಲ್ಲ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಹಾಕಿರುತ್ತಾರೆ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ತಾಸು ಹಿಂದೆ. ಅದನ್ನು ಕೂಡಿದರೆ ಹದಿನಾರೂವರೆ ತಾಸು. ಮಾರ್ಚ್‌ನಿಂದ ನವೆಂಬರ್ ಮೊದಲ ವಾರದವರೆಗೆ ಅಲ್ಲಿ ಗಡಿಯಾರ ಒಂದು ತಾಸು ಮುಂದಿರುತ್ತದೆ, ಆಗ ಹನ್ನೆರಡೂವರೆ ಕೂಡಿದರೆ ಸಾಕು. ನಾನು ಮಾತ್ರ ಎಲ್ಲವನ್ನೂ ನಮ್ಮೂರಿನ ಹೊತ್ತಿಗೇ ಬರೆದುಕೊಂಡೆ. ಆ ಚೀಟಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಹೊತ್ತು ಕೇಳಿದೆ.

ದೂರದ ಲೆಕ್ಕಕ್ಕೆ ಮನೆಯಲ್ಲಿದ್ದ ಗ್ಲೋಬ್ ತೆಗೆದೆ. ಗೋಡೆಯ ನಕ್ಷೆ ಇದಕ್ಕೆ ಬರುವುದಿಲ್ಲ. ಅದರಲ್ಲಿ ಗೆರೆ ಎಳೆದರೆ ದಾರಿ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದರೆ ಕಥೆಯೇ ಬೇರೆ: ಬೆಂಗಳೂರಿನಿಂದ ಸೀದಾ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಆಮೇಲೆ ಅಲಾಸ್ಕಾ! ಅದೇ ದಾರವನ್ನು ಭೂಮಧ್ಯರೇಖೆಯ ಸುತ್ತ ಹಿಡಿದು ಅಳೆದೆ. ಆ ಸುತ್ತು ಅಂದಾಜು 40,000 ಕಿ.ಮೀ. ಹಾಗಾಗಿ ಒಂದು ಸೆಂಟಿಮೀಟರ್‌ಗೆ ಎಷ್ಟು ಅಂತ ಸಿಕ್ಕಿತು. ನಮ್ಮ ದಾರಿ ಸುಮಾರು 14,000 ಕಿ.ಮೀ. ಬಂತು. ದೊಡ್ಡ ವಿಮಾನ ತಾಸಿಗೆ 900 ಕಿ.ಮೀ. ಹೋಗುತ್ತದೆ. ಏರಲು, ಇಳಿಯಲು ಅರ್ಧ ತಾಸು ಜಾಸ್ತಿ ಹಿಡಿದರೆ ಹದಿನಾರು ತಾಸು. ಟಿಕೆಟ್‌ಗೆ ಹತ್ತಿರವೇ ಬಂತು ನೋಡಿ.

ಗಾಳಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಅದಕ್ಕೇ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಂಟು ತಾಸಾದರೆ ವಾಪಸ್ ಬರಲು ಏಳೇ ಸಾಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ದಾರಿಯಲ್ಲಿ ವಿಮಾನ ತಂದಿದ್ದರಲ್ಲ, ಅದಕ್ಕೂ ಸುಮಾರು ಹದಿನೇಳು ತಾಸು ಹಿಡಿದಿತ್ತು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹೋಗುವುದಾದರೆ 7,400 ಮತ್ತು 9,150, ಒಟ್ಟು ಸುಮಾರು 16,550 ಕಿ.ಮೀ. ಎರಡೂವರೆ ಸಾವಿರ ಕಿ.ಮೀ. ಸುತ್ತು, ಮೇಲೆ ಕಾಯುವ ಹೊತ್ತು. ಆದರೂ ನಾವು ಅದನ್ನೇ ಆರಿಸಿಕೊಂಡೆವು. ಅತ್ತೆಯವರು ನಡುವೆ ಎದ್ದು ಓಡಾಡಲಿ ಅಂತ.

ನೆಲದ ದಾರಿಯನ್ನೂ ಸೇರಿಸಬೇಕು ಅಲ್ವಾ? ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಕಾರಿಗೆ ಐದು ತಾಸು, ನಿಲ್ದಾಣದಲ್ಲಿ ಮೂರು ತಾಸು ಇಟ್ಟುಕೊಂಡೆ. ಡ್ರೈವರ್‌ಗೆ ಮಾತ್ರ ಇನ್ನೂ ಅರ್ಧ ತಾಸು ಮುಂಚೆಯ ಹೊತ್ತು ಹೇಳಿದ್ದೆ.