ರೈಲಿಗಾಗಿ ಹುಟ್ಟಿದ ಊರಿನ ಪೂರ್ವಾಪರ ಹುಡುಕೋದು ಹೇಗೆ

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಕಾರು ಓಡಿಸಿದವರು ಇಂಥ ಊರುಗಳನ್ನು ನೋಡೇ ಇರುತ್ತಾರೆ. ಒಂದು ನೀರಿನ ಟ್ಯಾಂಕು, ಒಂದು ದೊಡ್ಡ ಬೀದಿ, ಒಂದು ಹಳಿ, ಹಳಿ ಪಕ್ಕ ಧಾನ್ಯ ತುಂಬಿಡುವ ಗೋಪುರ. ಎರಡು ನಿಮಿಷದಲ್ಲಿ ಊರು ಮುಗಿದೇ ಹೋಗುತ್ತದೆ. ಇದರ ಚರಿತ್ರೆ ಹುಡುಕಲು ಹೊರಟವರು ಸಾಮಾನ್ಯವಾಗಿ ಅಲ್ಲಿ ಹುಟ್ಟಿ ಬೆಳೆದ ದೊಡ್ಡ ಮನುಷ್ಯರಿಂದ ಶುರು ಮಾಡುತ್ತಾರೆ. ಅದು ಬೇಡ. ಎಂಜಿನ್‌ನಿಂದ ಶುರು ಮಾಡಿ.

ಉದಾಹರಣೆಗೆ ಮಿಸೌರಿ ರಾಜ್ಯದ ಮಾರ್ಸಲೀನ್ ತಗೊಳ್ಳೋಣ. ಎರಡು ಸಾವಿರ ಚಿಲ್ಲರೆ ಜನ ಇರುವ ಊರು. ವಾಲ್ಟ್ ಡಿಸ್ನಿಯ ಬಾಲ್ಯದ ಊರು ಅಂತ ಹೆಸರು. ಆದರೆ ಡಿಸ್ನಿ ಮನೆಯವರು ಅಲ್ಲಿದ್ದದ್ದು 1906ರಿಂದ 1911ರವರೆಗೆ, ಐದೇ ವರ್ಷ. ರೈಲು 1888ರಿಂದ ಇದೆ.

ಮೊದಲು ಮ್ಯಾಪ್ ತೆರೆದು ಷಿಕಾಗೋದಿಂದ ಕಾನ್ಸಾಸ್ ಸಿಟಿಗೆ ಹೋಗುವ ಹಳಿಯನ್ನು ಬೆರಳಲ್ಲಿ ಹಿಡಿದು ಹೋಗಿ. ಇದು ಸಾಂಟಾ ಫೆ ಕಂಪನಿ ಹಾಕಿದ ಮಾರ್ಗ, ಆದಷ್ಟು ನೇರವಾಗಿ ಎಳೆದಿದ್ದಾರೆ. ಈಗ ಅಯೋವಾದ ಫೋರ್ಟ್ ಮ್ಯಾಡಿಸನ್‌ನಿಂದ ಮಾರ್ಸಲೀನ್‌ಗೆ ದೂರ ಅಳೆಯಿರಿ. ನೂರು ಮೈಲಿ ಚಿಲ್ಲರೆ. ಮಾರ್ಸಲೀನ್‌ನಿಂದ ಕಾನ್ಸಾಸ್ ಸಿಟಿಗೆ ಅಳೆಯಿರಿ. ಮತ್ತೆ ಅಷ್ಟೇ ಬರುತ್ತದೆ! ಇದು ಕಾಕತಾಳೀಯ ಅಲ್ಲ. ಉಗಿ ಎಂಜಿನ್ ಕಾಲದಲ್ಲಿ ರೈಲು ಸಿಬ್ಬಂದಿಗೆ ಸುಮಾರು ನೂರು ಮೈಲಿ ಅಂದರೆ ಒಂದು ದಿನದ ಕೆಲಸ. ಅಷ್ಟು ಓಡಿದ ಮೇಲೆ ಡ್ರೈವರ್ ಇಳಿಯಬೇಕು, ಎಂಜಿನ್ ಬದಲಾಗಬೇಕು, ಕಲ್ಲಿದ್ದಲು, ನೀರು ತುಂಬಬೇಕು. ಈ ಕೆಲಸಕ್ಕೆ ಮಾಡಿದ ಜಾಗಕ್ಕೆ ಡಿವಿಷನ್ ಪಾಯಿಂಟ್ ಅನ್ನುತ್ತಾರೆ. ನೂರು ಮೈಲಿ ಮುಗಿಯುವ ಹೊತ್ತಿಗೆ ಅಲ್ಲಿ ಊರು ಇರಲಿಲ್ಲ. ಹಾಗಾಗಿ ಊರು ಮಾಡಿದರು, ಅಷ್ಟೇ.

ವಾಲ್ಟ್‌ನ ಅಮ್ಮನ ಸಹೋದರಿಯ ಗಂಡ ಮೈಕ್ ಮಾರ್ಟಿನ್ ಇದೇ ಕಂಪನಿಯಲ್ಲಿ ಎಂಜಿನ್ ಡ್ರೈವರ್. ಓಡಿಸುತ್ತಿದ್ದದ್ದು ಎಲ್ಲಿಂದ ಎಲ್ಲಿಗೆ ಗೊತ್ತಾ? ಫೋರ್ಟ್ ಮ್ಯಾಡಿಸನ್‌ನಿಂದ ಮಾರ್ಸಲೀನ್‌ಗೆ. ಸರಿಯಾಗಿ ಒಂದು ಡಿವಿಷನ್. ಎಂಜಿನ್‌ನಿಂದ ಶುರು ಮಾಡಿದರೆ ಡಿಸ್ನಿ ಕಥೆಯೂ ತಾನಾಗೇ ಬಂದು ಸೇರಿಕೊಳ್ಳುತ್ತದೆ, ನೋಡಿ.

ಇನ್ನು ಮ್ಯಾಪನ್ನು ಸ್ಯಾಟಲೈಟ್‌ಗೆ ಹಾಕಿ ಊರಿನಾಚೆ ನೋಡಿ. ರಸ್ತೆಗಳು ಚೌಕಾಬಾರದ ಮನೆ ಬರೆದ ಹಾಗೆ ಕಾಣುತ್ತವೆ. 1785ರ ಕಾನೂನಿನ ಪ್ರಕಾರ ಜಮೀನನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಷಿಪ್‌ಗಳಾಗಿ, ಒಂದೊಂದರೊಳಗೆ 36 ತುಂಡುಗಳಾಗಿ ಅಳೆದಿಟ್ಟರು. ತುಂಡಿಗೆ 640 ಎಕರೆ. ಈ ಚೌಕಗಳ ಮೇಲೆ ಹಳಿ ಮಾತ್ರ ಓರೆಯಾಗಿ ಗೀಚಿಕೊಂಡು ಹೋಗಿರುತ್ತದೆ, ಯಾಕೆಂದರೆ ರೈಲಿಗೆ ದಾರಿ ಚಿಕ್ಕದಾದರೆ ಸಾಕು, ಯಾರ ಹೊಲದ ಬದು ಎಲ್ಲಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಈ ಭಾಗದ ಯಾವ ಊರನ್ನೇ ನೋಡಿ, ಬೀದಿಗಳು ಹಳಿಗೆ ಹೊಂದಿಕೊಂಡಿವೆಯೋ ದಿಕ್ಕಿಗೆ ಹೊಂದಿಕೊಂಡಿವೆಯೋ ಗಮನಿಸಿ. ಹಳಿಗೆ ಹೊಂದಿಕೊಂಡಿದ್ದರೆ ಆ ಊರು ರೈಲಿನ ಕೂಸು ಅಂತ ಮುಕ್ಕಾಲು ಪಾಲು ನಂಬಬಹುದು.

ಹೆಸರಿನ ಕಥೆಗಳನ್ನು ಸ್ವಲ್ಪ ದೂರ ಇಡಿ. ಮಾರ್ಸಲೀನ್ ಅಂದರೆ ಕಂಪನಿಯ ದೊಡ್ಡವರೊಬ್ಬರ ಹೆಂಡತಿಯ ಹೆಸರು ಅಂತ ಹೇಳುತ್ತಾರೆ. ಇರಬಹುದು. ನೆಬ್ರಾಸ್ಕಾದಲ್ಲಿ ಇನ್ನೊಂದು ಕಂಪನಿಯವರು ಅಷ್ಟೂ ತಲೆ ಕೆಡಿಸಿಕೊಳ್ಳಲಿಲ್ಲ. ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್ ಅಂತ ಎಬಿಸಿಡಿ ಸಾಲಿನಲ್ಲೇ ಸ್ಟೇಷನ್‌ಗಳಿಗೆ ಹೆಸರಿಟ್ಟುಕೊಂಡು ಹೋದರು.

ಕಾಗದಪತ್ರಕ್ಕೆ ಬಂದರೆ, ನನಗೆ ಎಲ್ಲಕ್ಕಿಂತ ಇಷ್ಟ ಸ್ಯಾನ್‌ಬಾರ್ನ್ ಮ್ಯಾಪ್. ಬೆಂಕಿ ವಿಮೆ ಕಂಪನಿಗಳಿಗೆ ಅಂತ ಮಾಡಿದ್ದು. ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿನಲ್ಲಿ ಪುಕ್ಕಟೆ ನೋಡಬಹುದು, ಮಿಸೌರಿ ಊರುಗಳದ್ದು ಅಲ್ಲಿನ ವಿಶ್ವವಿದ್ಯಾಲಯದ ಸೈಟಿನಲ್ಲೂ ಇದೆ. ಒಂದೊಂದು ಕಟ್ಟಡವನ್ನೂ ಬರೆದಿರುತ್ತಾರೆ. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ. ಬೇರೆ ಬೇರೆ ವರ್ಷದ ಎರಡು ಮ್ಯಾಪ್ ಅಕ್ಕಪಕ್ಕ ಇಟ್ಟು ಹಳದಿ ಎಲ್ಲೆಲ್ಲಿ ಗುಲಾಬಿ ಆಗಿದೆ ನೋಡಿ. ಊರಿಗೆ ದುಡ್ಡು ಯಾವಾಗ ಬಂತು ಅನ್ನೋದು ಬಣ್ಣದಲ್ಲೇ ಗೊತ್ತಾಗುತ್ತದೆ.

ಜನಗಣತಿಯಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. 1888ರ ಊರು ಅಂತ 1890ರ ಪಟ್ಟಿ ಹುಡುಕಲು ಹೋದರೆ ಸಿಗೋದಿಲ್ಲ. 1921ರ ಬೆಂಕಿಯ ದೆಸೆಯಿಂದ ಆ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಹಾಗಾಗಿ 1900, ಆಮೇಲೆ 1910 ನೋಡಿ. ಹೆಸರು ಬಿಟ್ಟು ಉದ್ಯೋಗದ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿ. ಡ್ರೈವರ್, ಫೈರ್‌ಮ್ಯಾನ್ (ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವನು), ಬ್ರೇಕ್‌ಮ್ಯಾನ್ (ಬ್ರೇಕ್ ನೋಡಿಕೊಳ್ಳುವವನು), ಅವರಿಗೆ ಕೋಣೆ ಬಾಡಿಗೆ ಕೊಡುವ ಮನೆ. ಸುತ್ತ ಕಲ್ಲಿದ್ದಲು ಗಣಿಗಳಿದ್ದವು, ಗಣಿ ಕೆಲಸದವರನ್ನೂ ಹುಡುಕಿ.

ಜಮೀನಿನ ದಾಖಲೆಗೆ ಮಾತ್ರ ಮಾರ್ಸಲೀನ್‌ಗೆ ಹೋಗಬೇಡಿ. ನಾನು ಹೋಗಿ ಸುಮ್ನೆ ಅರ್ಧ ದಿನ ಕಳೆದೆ. ತಪ್ಪು ನಂದೇ. ಮಾರ್ಸಲೀನ್ ಇರುವ ಲಿನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕೇಂದ್ರ ಲಿನಿಯಸ್ ಅನ್ನುವ ಇನ್ನೂ ಪುಟ್ಟ ಊರು, ಕ್ರಯಪತ್ರ ಎಲ್ಲ ಅಲ್ಲೇ. ರೈಲು ಬರುವ ಮೊದಲೇ ಕಚೇರಿಗಳು ಅಲ್ಲಿ ಬೇರು ಬಿಟ್ಟಿದ್ದವು. ಇದೇ ಕೌಂಟಿಯ ಬ್ರೂಕ್‌ಫೀಲ್ಡ್ ಕೂಡ ರೈಲು ಊರೇ, ಆದರೆ ಅದು 1859ರಲ್ಲಿ ಮುಗಿದ ಹ್ಯಾನಿಬಲ್-ಸೇಂಟ್ ಜೋಸೆಫ್ ಮಾರ್ಗದ್ದು. ಎರಡನ್ನೂ ಕಲಸಿಕೊಂಡರೆ ಇಸವಿಗಳೆಲ್ಲ ಅಡ್ಡಾದಿಡ್ಡಿ.

ಊರು ಯಾಕೆ ಸೊರಗಿತು ಅಂತಲೂ ಎಂಜಿನ್ನನ್ನೇ ಕೇಳಿ. ಸಾಂಟಾ ಫೆ 1941ರಲ್ಲೇ ಗೂಡ್ಸ್ ಗಾಡಿಗೆ ಡೀಸೆಲ್ ಎಂಜಿನ್ ಹಚ್ಚಿತು. ಡೀಸೆಲ್‌ಗೆ ನೂರು ಮೈಲಿಗೊಮ್ಮೆ ಕಲ್ಲಿದ್ದಲು, ನೀರು ಬೇಕಿಲ್ಲ. ಅಂದಮೇಲೆ ಅದನ್ನೆಲ್ಲ ತುಂಬುತ್ತಿದ್ದವರೂ ಬೇಕಿಲ್ಲ, ಅಲ್ವಾ? 1995ರಲ್ಲಿ ಕಂಪನಿ ಬರ್ಲಿಂಗ್‌ಟನ್ ನಾರ್ದರ್ನ್ ಜೊತೆ ಸೇರಿ ಬಿಎನ್‌ಎಸ್‌ಎಫ್ ಆಯಿತು. ಆದರೂ ಈ ಭಾಗದ ಹಳಿಗೆ ರೈಲಿನವರು ಇವತ್ತಿಗೂ ಮಾರ್ಸಲೀನ್ ಸಬ್‌ಡಿವಿಷನ್ ಅಂತಲೇ ಅನ್ನುತ್ತಾರೆ.

ಕೊನೆಗೆ ಒಮ್ಮೆ ಹೋಗಿ ಬನ್ನಿ. ಹಳೆ ಸ್ಟೇಷನ್ ಕಟ್ಟಡ ಈಗ ಡಿಸ್ನಿ ಮ್ಯೂಸಿಯಂ. ಅದರ ಪಕ್ಕದಲ್ಲೇ ಎರಡು ಹಳಿ, ಕಂಟೇನರ್ ಹೊತ್ತ ಗಾಡಿಗಳು ನೆಲ ನಡುಗಿಸಿಕೊಂಡು ಹೋಗುತ್ತವೆ. ಫೋಟೋ ಆಸೆಗೆ ಹಳಿ ಹತ್ತಿರ ಹೋಗಬೇಡಿ, ಅದು ಕಂಪನಿಯ ಜಾಗ. ಷಿಕಾಗೋದಿಂದ ರೈಲಲ್ಲೇ ಬರಬೇಕು ಅಂತಿದ್ದರೆ ಸೌತ್‌ವೆಸ್ಟ್ ಚೀಫ್ ಅನ್ನುವ ಪ್ರಯಾಣಿಕರ ರೈಲು ಇದೇ ಊರಿನ ಮೂಲಕ ಹೋಗುತ್ತದೆ, ಆದರೆ ನಿಲ್ಲೋದಿಲ್ಲ. ಅದು ನಿಲ್ಲುವ ಲಾ ಪ್ಲಾಟಾ ಸ್ಟೇಷನ್‌ಗೆ ಟಿಕೆಟ್ ತಗೊಂಡು ಅಲ್ಲಿಂದ ಕಾರು ನೋಡಿಕೊಳ್ಳಿ.