ವಾಟ್ಸ್‌ಆ್ಯಪ್ ಗ್ರೂಪಿಗೆ ಹೊಸಬರು: ಅಡ್ಮಿನ್ ಏನು ನೋಡಬೇಕು?

ಅಡಿಕೆ ಬೆಳೆಗಾರರ ಗ್ರೂಪಿನ ಲಿಂಕನ್ನು ಯಾರೋ ಒಬ್ಬರು ಫೇಸ್‌ಬುಕ್ಕಿಗೆ ಹಾಕಿದರೆ ಸಾಕು, ಸಾಲದ ಆ್ಯಪಿನವರು, ಷೇರು ಟಿಪ್ಸಿನವರು ಒಳಗೆ ಬಂದು ಕೂರುತ್ತಾರೆ. ಒಳಗೆ ಬಂದವರಿಗೆ ಸದಸ್ಯರ ಫೋನ್ ನಂಬರುಗಳು ಸಿಗುತ್ತವೆ. ಆಮೇಲೆ ಅವರನ್ನು ತೆಗೆದುಹಾಕಿದರೂ ಬರೆದಿಟ್ಟುಕೊಂಡ ನಂಬರುಗಳು ಅವರ ಬಳಿಯೇ ಉಳಿಯುತ್ತವೆ.

ಗ್ರೂಪಿನ ಹೆಸರು ಒತ್ತಿ, ಅನುಮತಿಗಳ ಪುಟದಲ್ಲಿ ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕೆಂಬ ಆಯ್ಕೆಯನ್ನು ಆನ್ ಮಾಡಿ. ಸದಸ್ಯರನ್ನು ಸೇರಿಸುವ ಹಕ್ಕು ಅಡ್ಮಿನ್‌ಗಳಿಗಷ್ಟೇ ಇರಲಿ. ಹಳೆಯ ಲಿಂಕನ್ನು ರೀಸೆಟ್ ಮಾಡಿ. ಹಂಚಿಹೋದದ್ದು ಅಲ್ಲಿಗೆ ನಿಷ್ಪ್ರಯೋಜಕ.

ಹೆಚ್ಚಿನವರು ಎಡವುವುದು ಕೋರಿಕೆ ಬಂದಾಗ. ಡಿಪಿಯಲ್ಲಿ ದೇವರ ಫೋಟೊ, ಹೆಸರಿನ ಮುಂದೆ 'ರೈತ' ಎಂದಿದ್ದರೆ ಒಪ್ಪಿಬಿಡುತ್ತಾರೆ. ಎರಡನ್ನೂ ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಂಬರ್ +91 ಅಲ್ಲದಿದ್ದರೆ ತಕ್ಷಣ ತಳ್ಳಿಹಾಕುವುದೂ ತಪ್ಪು: ಊರಲ್ಲಿ ತೋಟವಿದ್ದು ದುಬೈಯಲ್ಲಿ ದುಡಿಯುವವರು ಇದ್ದಾರೆ. ಕೋರಿದವರಿಗೆ ಖಾಸಗಿಯಾಗಿ ಒಂದು ಪ್ರಶ್ನೆ ಕಳಿಸಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಬಗ್ಗೆ '100 ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು?' ಎಂದು ಕೇಳಬೇಡಿ. 1 ಕೆ.ಜಿ. ಎಂಬ ಉತ್ತರ ಗೂಗಲ್‌ನಲ್ಲೇ ಸಿಗುತ್ತದೆ. 'ತೋಟ ಯಾವ ಊರಲ್ಲಿ? ಈ ಸಲ ಕೊಳೆಗೆ ಔಷಧಿ ಎಷ್ಟು ಸಲ ಹೊಡೆಸಿದಿರಿ?' ಎಂದು ಕೇಳಿ. 'ಒಂದು ಸಲ ಆಯ್ತು, ಎರಡನೇದಕ್ಕೆ ಮಳೆ ಬಿಡ್ತಿಲ್ಲ, ಕೊನೆಗಾರನೂ ಸಿಗ್ತಿಲ್ಲ' ಎಂಬ ಉತ್ತರ ತೋಟದಿಂದಲೇ ಬಂದದ್ದು (ಕೊನೆಗಾರ ಎಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವ, ಗೊನೆ ಕೊಯ್ಯುವವ). 'ಹೌದು ಸರ್, ನಾನು ರೈತ, ಪ್ಲೀಸ್ ಆ್ಯಡ್' ಎಂದರೆ ಬೇಡ. ಟೈಪಿಂಗ್ ಬಾರದ ಹಿರಿಯರಿಗೆ ವಾಯ್ಸ್ ಮೆಸೇಜ್ ಸಾಕು. ಎರಡು ದಿನವಾದರೂ ಕಾಯಿರಿ, ಕೊಯ್ಲಿನ ಸಮಯದಲ್ಲಿ ಫೋನ್ ನೋಡುವುದೇ ರಾತ್ರಿ.

ಸೇರಿಸಿಕೊಳ್ಳುವ ಕೆಲಸ ಸುಲಭವಾಗುತ್ತದೆಂದು ಜಿಬಿ ವಾಟ್ಸ್‌ಆ್ಯಪ್‌ನಂಥ ನಕಲಿ ಆವೃತ್ತಿಗಳನ್ನು ಹಾಕಿಕೊಳ್ಳಲೇಬೇಡಿ. ನಿಮ್ಮ ಖಾತೆಯೇ ಬಂದ್ ಆಗಬಹುದು. ಅದರ ಬದಲು ಇನ್ನಿಬ್ಬರನ್ನು ಅಡ್ಮಿನ್ ಮಾಡಿ.

ಇಷ್ಟಾದರೂ ಒಬ್ಬ ನುಸುಳಿ 'ಮದುವೆ ಆಮಂತ್ರಣ' ಎಂದು ಎಪಿಕೆ ಫೈಲ್ (ತೆರೆದರೆ ಫೋನಿಗೆ ವಂಚಕರ ಆ್ಯಪ್ ಹಾಕಿಸಬಲ್ಲ ಫೈಲ್) ಹಾಕಿದರೆ, ಅವನನ್ನು ತೆಗೆದರಷ್ಟೇ ಸಾಲದು, ಫೈಲ್ ಅಲ್ಲೇ ಉಳಿದಿರುತ್ತದೆ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಎಲ್ಲರಿಗೂ ಅಳಿಸಿಹೋಗುವಂತೆ ಡಿಲೀಟ್, ಕೊನೆಗೆ ಅವನನ್ನು ಹೊರಹಾಕಿ. 'ಆ ಫೈಲ್ ತೆರೆದವರು ಯಾರಾದರೂ ಇದ್ದೀರಾ?' ಎಂದು ಗ್ರೂಪಿನಲ್ಲಿ ಕೇಳಿ. ಯಾರದ್ದಾದರೂ ಖಾತೆಯಿಂದ ಹಣ ಹೋಗಿದ್ದರೆ ಬೆಳಗಾಗುವವರೆಗೆ ಕಾಯದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿಸಿ.