ಬ್ಯಾಡಗಿ ಖಾರಕ್ಕೂ ಬಗ್ಗದ ಕೋಳಿ

ಯುಗಾದಿ ಕಳೆದು ಎರಡು ವಾರ ಆಗಿತ್ತು. ಗೂಡಿನ ಬುಟ್ಟಿಗೆ ಕೈ ಹಾಕಿದರೆ ಹುಲ್ಲೆಲ್ಲ ಅಂಟಂಟು, ತಳದಲ್ಲಿ ಹಳದಿ ಲೋಳೆ, ನಾಲ್ಕು ಚೂರು ಸಿಪ್ಪೆ. ಮುಂಗುಸಿ ಕೆಲಸ ಅಂದುಕೊಂಡೆ. ಪಾಪ, ಅದು ಸುಮ್ನೆ ಬೈಸಿಕೊಂಡಿತು. ಮೂರನೇ ದಿನ ಕಾದು ಕೂತು ನೋಡಿದರೆ ನಮ್ಮ ಕೆಂಪಿ ಕೋಳಿನೇ ತತ್ತಿ ಇಟ್ಟು, ಎದ್ದು ತಿರುಗಿ, ಟಕ್ ಅಂತ ಕುಕ್ಕಿತು. ಅದು ಒಡೆದದ್ದೇ ತಡ, ಉಳಿದವೂ ಊಟಕ್ಕೆ ಕರೆದ ಹಾಗೆ ಓಡಿ ಬಂದವು.

ನಮ್ಮ ಹಿತ್ತಲಲ್ಲಿರೋದು ಒಂಬತ್ತು ಕೋಳಿ. ಐದು ಜವಾರಿ, ನಾಲ್ಕು ಗಿರಿರಾಜ. ನಾವಿರೋದು ಬ್ಯಾಡಗಿಯಲ್ಲಿ, ಹಾಗಾಗಿ ಪಕ್ಕದ ಮನೆ ಕಾಕಾ ಕೊಟ್ಟ ಸಲಹೆ ಏನಿರಬಹುದು ಹೇಳಿ. "ತತ್ತಿಯೊಳಗ ಖಾರಪುಡಿ ತುಂಬಿ ಇಡವಾ, ಬಾಯಿ ಸುಟ್ಟರ ಮತ್ತ ಮುಟ್ಟಂಗಿಲ್ಲ" ಅಂದರು. ಸಣ್ಣ ತೂತು ಮಾಡಿ, ಲೋಳೆ ಬಸಿದು, ಪುಡಿ ತುಂಬಿಟ್ಟೆ. ಕೆಂಪಿ ಪೂರ್ತಿ ತಿಂದು, ಕೊಕ್ಕು ನೆಲಕ್ಕೆ ಒರೆಸಿ ಹೋಯಿತು. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಲ್ವಾ ಅಂತ ಮರುದಿನ ಗುಂಟೂರು ಪುಡಿ ತುಂಬಿದೆ. ಅದನ್ನೂ ತಿಂದಿತು. ಕಣ್ಣುರಿ ಬಂದದ್ದು ನನಗೆ. ಖಾರದ ಉರಿಗೆ ಕಾರಣ ಕ್ಯಾಪ್ಸೈಸಿನ್, ಅದು ಹಕ್ಕಿಗಳಿಗೆ ತಟ್ಟುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಗಿಳಿಗಳು ಹಣ್ಣುಮೆಣಸಿನಕಾಯಿ ಆರಾಮಾಗಿ ತಿನ್ನೋದನ್ನ ಚಿಕ್ಕಂದಿನಿಂದ ನೋಡಿದ್ದೆ, ಆದರೂ ತಲೆಗೆ ಹೊಳೆಯಲಿಲ್ಲ!

"ರುಚಿ ಕಂಡ ಕೋಳಿ ಬಿಡಂಗಿಲ್ಲ, ಸಾರು ಮಾಡಿಬಿಡೂಣು" ಅಂದರು ನಮ್ಮತ್ತಿ. ಒಂದು ತಿಂಗಳು ಟೈಮ್ ಕೇಳಿದೆ.

ಪಶು ಆಸ್ಪತ್ರೆಯ ಡಾಕ್ಟರು ಕೇಳಿದ್ದು ಒಂದೇ, ಏನು ಹಾಕ್ತೀರಿ ಅಂತ. ಗೋವಿನಜೋಳ, ನುಚ್ಚು, ಉಳಿದ ರೊಟ್ಟಿ. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ತತ್ತಿಯ ಸಿಪ್ಪೆಗೇ ಸುಮಾರು 2 ಗ್ರಾಂ ಬೇಕು. ಮೇಲೆ ಬಿಸಿಲು ಬೇರೆ. ಬೇಸಿಗೆಯಲ್ಲಿ ಕೋಳಿ ತಿನ್ನೋದು ಕಡಿಮೆ, ತೇಕೋದು ಜಾಸ್ತಿ, ಎರಡರಿಂದಲೂ ಸಿಪ್ಪೆ ತೆಳ್ಳಗಾಗುತ್ತದೆ. ಒಂಬತ್ತು ಕೋಳಿಗೆ ನಾನಿಟ್ಟದ್ದು ಒಂದೇ ಬುಟ್ಟಿ. ತುಳಿದಾಟದಲ್ಲಿ ಒಂದು ತೆಳು ತತ್ತಿ ಒಡೆದಿರಬೇಕು, ರುಚಿ ಹತ್ತಿದ್ದು ಅಲ್ಲೇ. ಅಡುಗೆಮನೆಯ ತತ್ತಿ ಸಿಪ್ಪೆಯನ್ನು ನಾನು ಹಾಗೇ ಗೂಡಿಗೆ ಎಸೆಯುತ್ತಿದ್ದೆ, ಅಂದರೆ ಪಾಠ ಹೇಳಿಕೊಟ್ಟವಳೂ ನಾನೇ ಇರಬಹುದು. ಈಗ ಒಣಗಿಸಿ, ಹುರಿದು, ಪುಡಿ ಮಾಡಿಯೇ ಹಾಕುತ್ತೇನೆ.

ಲೇಯರ್ ಫೀಡ್, ಅಂದರೆ ತತ್ತಿ ಇಡುವ ಕೋಳಿಗಳ ಮೇವು, ತಂದೆ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಸಂಜೆ ಹೊತ್ತು ಇಟ್ಟೆ. ಸಿಪ್ಪೆ ಕಟ್ಟೋದು ಹೆಚ್ಚಾಗಿ ರಾತ್ರಿ, ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಿ ಆಗ ಒದಗುತ್ತದೆ. ಹತ್ತು ದಿನದಲ್ಲಿ ಸಿಪ್ಪೆ ಗಟ್ಟಿಯಾಯಿತು. ಉಳಿದ ಕೋಳಿಗಳು ಬಿಟ್ಟವು. ಕೆಂಪಿ ಮಾತ್ರ ಬಿಡಲಿಲ್ಲ.

ಅದಕ್ಕೆ ಹಳೇ ಪ್ಲೈವುಡ್‌ನಲ್ಲಿ ನಾನೇ ಪೆಟ್ಟಿಗೆ ಮಾಡಿದೆ. ತಳ ಹಿಂದಕ್ಕೆ ಇಳಿಜಾರು, ಹಿಂದಿನ ಹಲಗೆಯ ಕೆಳಗೆ ಮೂರು ಬೆರಳಗಲ ಸಂದು, ತತ್ತಿ ಉರುಳಿ ಆಚೆ ಕೊಕ್ಕು ಮುಟ್ಟದ ಡಬ್ಬಿಗೆ ಬೀಳಬೇಕು. ಮೊದಲ ಸಲ ಇಳಿಜಾರು ಜಾಸ್ತಿಯಾಗಿ ತತ್ತಿ ಹೋಗಿ ಹಲಗೆಗೆ ಬಡಿದು ಬಿರುಕು ಬಿಟ್ಟಿತು, ಕೋಳಿ ಮಾಡುವ ಕೆಲಸ ಪೆಟ್ಟಿಗೆಯೇ ಮಾಡಿತು ಅಂತ ಮನೆಯವರು ನಕ್ಕರು. ಒಂದೂವರೆ ಅಡಿ ತಳಕ್ಕೆ ಒಂದೂವರೆ ಇಂಚು ಮಾತ್ರ ಇಳಿಜಾರು ಕೊಟ್ಟ ಮೇಲೆ ಸರಿಹೋಯಿತು. ತಳಕ್ಕೆ ರಬ್ಬರ್ ಮ್ಯಾಟ್, ಡಬ್ಬಿಗೆ ಹಳೇ ಟವೆಲ್. ಬಾಗಿಲಿಗೆ ಗೋಣಿಚೀಲದ ಪರದೆ, ಕತ್ತಲಲ್ಲಿ ಕುಕ್ಕಾಟ ಕಡಿಮೆ. ಇಂಥವೇ ಎರಡು ಮಾಡಿದೆ. ಹುಲ್ಲಿಲ್ಲ ಅಂತ ನಾಲ್ಕು ದಿನ ಒಳಗೇ ಹೋಗದೆ ತುಳಸಿಕಟ್ಟೆ ಹಿಂದೆ ತತ್ತಿ ಇಟ್ಟವು. ಬಡಿಗೇರ ಹತ್ತಿರ ಕಟ್ಟಿಗೆಯ ಎರಡು ತತ್ತಿ ಮಾಡಿಸಿ, ಉರುಳದ ಹಾಗೆ ಒಳಗೆ ಅಂಟಿಸಿದೆ. ಅದನ್ನು ನೋಡಿ ನಂಬಿ ಒಳಗೆ ಕೂತವು.

ಅತ್ತಿ ಈಗ ಸಾರಿನ ಮಾತು ಎತ್ತುವುದಿಲ್ಲ. ಕೆಂಪಿ ತತ್ತಿ ಇಟ್ಟ ಮೇಲೆ ಇವತ್ತಿಗೂ ಹಿಂದೆ ಮುಂದೆ ಹುಡುಕುತ್ತದೆ, ಮ್ಯಾಟ್ ಕೆರೆಯುತ್ತದೆ, ಕಟ್ಟಿಗೆ ತತ್ತಿಗೆ ಎರಡು ಸಲ ಕುಕ್ಕಿ, ಕೊಕ್ಕೊಕ್ಕೋ ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಾ ಹೊರಗೆ ಬರುತ್ತದೆ.